ಅಕ್ಕನ ಡೇರೆ ಅಮೆರಿಕಕ್ಕೆ ಹೋದದ್ದು

ಕೊಂಢವಾ

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮ ಜನ ಮೊದಲು ಕೇಳುವುದು ಫೋಟೊ. ನನ್ನ ಹತ್ತಿರ ತೋರಿಸಲು ಏನೂ ಇಲ್ಲ. ನಾವು ಹೋದ ಜಾಗದಲ್ಲಿ ಫೋನು ಹೊರತೆಗೆಯುವುದೇ ಅಪರಾಧವಾಗಿತ್ತು. ಎತ್ತರದ ಕಟ್ಟಡ ನೋಡಲಿಲ್ಲ, ಜಲಪಾತ ನೋಡಲಿಲ್ಲ. ಅಷ್ಟು ದೂರ ಹೋಗಿ ನಾನು ಅತಿ ಹೆಚ್ಚು ಹೊತ್ತು ನೋಡಿದ್ದು ಒಂದು ಡೇರೆಯ ಎಡಮೂಲೆಯನ್ನು. ಆ ಡೇರೆಯೂ ಹುಟ್ಟಿದ್ದು ಪುಣೆಯಲ್ಲೇ, ಕೊಂಢವಾದಲ್ಲಿರುವ ನಮ್ಮದೇ ಕಾರ್ಖಾನೆಯಲ್ಲಿ. ಇದನ್ನು ನೋಡಲು ಅಲ್ಲಿಗೆ ಹೋಗಬೇಕಿತ್ತೇ ಎಂದು ನನ್ನ ಹೆಂಡತಿ ಈಗಲೂ ಕೇಳುತ್ತಾಳೆ. ಹೋಗಬೇಕಿತ್ತು.

ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಲಾರಿಯ ತಾಡಪತ್ರಿ, ಮದುವೆಯ ಶಾಮಿಯಾನ, ಹಿಂಜವಾಡಿಯ ಐಟಿ ಕಂಪನಿ ಬಸ್ಸುಗಳ ಸೀಟಿನ ಕವರು ಹೊಲಿಯುವ ಆರು ಮಷಿನ್. ಕಿಟಕಿಯ ಪಕ್ಕದಲ್ಲಿ ಒಂದು ಉದ್ದನೆಯ ಮೇಜು. ಆ ಮೇಜಿನಲ್ಲಿ ನನ್ನ ಅಕ್ಕ ಗಂಗವ್ವ ಇನ್ನಿಬ್ಬರು ಹೆಂಗಸರ ಜೊತೆ ಕೂತು ಕೈಹೊಲಿಗೆ ಮಾಡುತ್ತಾಳೆ. ಅಕ್ಕನದು ನವಲಗುಂದದ ಕಡೆ ಕೌದಿ ಹೊಲಿದು ಪಳಗಿದ ಕೈ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಅಂಗೈಯಗಲದ ಜಾಗವನ್ನೂ ಬಿಡದೆ ಹೊಲಿದು ಹೊದಿಕೆ ಮಾಡುತ್ತಾಳೆ. ಭಾವ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದವಳು ಮರುದಿನವೇ ಆ ಮೇಜು ಹಿಡಿದಳು. ಅವಳಿಗೆ ಅದು ಬರೀ ಕೆಲಸದ ಜಾಗವಲ್ಲ. ತಮ್ಮನ ಮನೆಯಲ್ಲಿ ತಾನು ಯಾರ ಹಂಗಿನಲ್ಲೂ ಇಲ್ಲ ಎನ್ನುವುದಕ್ಕೆ ಅವಳ ಹತ್ತಿರ ಇರುವ ಒಂದೇ ರುಜುವಾತು ಅದು.

ನನ್ನ ಹೆಂಡತಿಯ ತಮ್ಮ ಶ್ರೀಕಾಂತ ನನ್ನ ಪಾಲುದಾರ. ಆಗ ಅವನಿಗೆ ಆ ಮೇಜು ಕಂಡರೆ ಆಗುತ್ತಿರಲಿಲ್ಲ. ಅಲ್ಲಿ ಹೊಸದೊಂದು ಮಷಿನ್ ಕೂಡಿಸಬೇಕೆಂದು ಎರಡು ವರ್ಷದಿಂದ ಟೇಪು ಹಿಡಿದು ಜಾಗ ಅಳೆಯುತ್ತಿದ್ದ. ಅಕ್ಕ ಊಟಕ್ಕೆ ಎದ್ದಾಗ ಒಂದು ಸಲ, ಚಹಾಕ್ಕೆ ಎದ್ದಾಗ ಇನ್ನೊಂದು ಸಲ. ಜಾಗವೇನು ದಿನಕ್ಕೊಂದು ಅಳತೆ ಕೊಡುತ್ತದೆಯೇ?

ಹೀಗಿರುವಾಗ ಹಿಂಜವಾಡಿಗೆ ಕೆಲಸದ ಮೇಲೆ ಬಂದಿದ್ದ ಅಮೆರಿಕದವನೊಬ್ಬ ಬಸ್ಸಿನ ಸೀಟಿನಲ್ಲಿ ನಮ್ಮ ಲೇಬಲ್ ನೋಡಿ ಫೋನ್ ಮಾಡಿದ. ಡೇರೆ ಬೇಕಿದ್ದದ್ದು ಅವನ ಮಾವನಿಗೆ. ಮಾವನ ಹೆಸರು ವಾಲ್ಟರ್, ನಿವೃತ್ತ ಶಾಲಾ ಮಾಸ್ತರ. ಪ್ರತಿ ಬೇಸಿಗೆಯಲ್ಲಿ ವಯೋಮಿಂಗ್ ರಾಜ್ಯದ ಒಂದು ಹುಲ್ಲುಗಾವಲಿನಲ್ಲಿ ಇವರಂಥವರು ಒಂದಿಷ್ಟು ಜನ ಸೇರುತ್ತಾರಂತೆ. ಹಿಂದಿನ ಕಾಲದಲ್ಲಿ ತುಪ್ಪಳದ ಚರ್ಮದ ವ್ಯಾಪಾರಕ್ಕೆಂದು ಕಾಡಂಚಿಗೆ ಬಂದವರು ಹೇಗೆ ಬದುಕಿದ್ದರೋ ಹಾಗೆಯೇ ಒಂದು ವಾರ ಬದುಕುತ್ತಾರಂತೆ. ಡೇರೆಯೂ ಆ ಕಾಲದ್ದೇ ಆಗಬೇಕು. ದಪ್ಪ ಹತ್ತಿಬಟ್ಟೆ, ಜೇನುಮೇಣ ಸವರಿದ ನಾರಿನ ದಾರ. ಹಗ್ಗ ತೂರಿಸುವ ಕಣ್ಣುಗಳಿಗೆ ಹಿತ್ತಾಳೆಯ ಉಂಗುರ ಬಡಿಯಬಾರದು, ಗುಂಡಿಯ ಕಾಜಾ ಹೊಲಿದಂತೆ ಸುತ್ತಲೂ ದಾರದಿಂದ ಕಟ್ಟಬೇಕು. ಮಷಿನ್ ಹೊಲಿಗೆ ಒಂದಿಂಚೂ ಇರಕೂಡದು. ಹೋದ ವರ್ಷ ವಾಲ್ಟರ್ ಒಯ್ದಿದ್ದ ಡೇರೆಯನ್ನು ಅಲ್ಲಿನ ಪರೀಕ್ಷಕರು ಶಿಬಿರದ ಗಡಿಯಿಂದಾಚೆಗೆ ಹಾಕಿಸಿದ್ದರಂತೆ.

ನನಗೆ ನಗು ಬಂತು. ಗಣಪತಿ ಹಬ್ಬಕ್ಕೆ ನಾವು ಅರ್ಧ ದಿನದಲ್ಲಿ ಓಣಿ ತುಂಬ ಮಂಟಪ ಎಬ್ಬಿಸುವ ಜನ. ನಮ್ಮ ಹತ್ತಿರ ಬಂದು ನಿಧಾನ ಮಾಡಿ ಎನ್ನುವ ಗಿರಾಕಿಯನ್ನು ನಾನು ನೋಡಿರಲಿಲ್ಲ. ಅಕ್ಕ ಮಾತ್ರ ವಿಡಿಯೊ ಕರೆಯಲ್ಲಿ ವಾಲ್ಟರನ ಮುಖಕ್ಕೆ ತನ್ನ ಕೌದಿಯೊಂದನ್ನು ಹಿಡಿದಳು. ಅವನು ಮುಖವನ್ನು ಪರದೆಯ ಹತ್ತಿರ ತಂದು ನೋಡಿ, ಇವರೇ ಡೇರೆಯ ಜೊತೆ ಬರಬಹುದೇ, ಶಿಬಿರದಲ್ಲಿ ಕೂತು ಹೊಲಿಗೆ ತೋರಿಸಬಹುದೇ ಎಂದು ಕೇಳಿದ. ಇಂಗ್ಲಿಷಿಗಾಗಿ ನಾನೂ ಹೊರಟೆ.

ಶ್ರೀಕಾಂತ ನನ್ನನ್ನು ಪಕ್ಕಕ್ಕೆ ಕರೆದ. "ಮಾಮಾ, ಡೇರೆ ಅಲ್ಲಿ ಪಾಸಾತಂದ್ರ ಮೇಜು ಇರ್ಲಿ. ನಾ ಮತ್ತ ಬಾಯಿ ತೆಗ್ಯಂಗಿಲ್ಲ. ಫೇಲಾತಂದ್ರ ಮಷಿನ್ ತರತೇನಿ. ಒಪ್ಪಿಗಿ ಅದ ಏನ್ರಿ?"

ನಾನು ಒಪ್ಪಿದೆ. ಅಕ್ಕನಿಗೂ ಹೇಳಿದೆ. ಅವಳು ದಾರಕ್ಕೆ ಮೇಣ ಹಚ್ಚುತ್ತ, "ಆಗಲಿ ಬಿಡು, ನನ್ನ ಕೈ ಏನು ನಿನ್ನೆ ಮೊನ್ನೀದಲ್ಲ" ಎಂದಳು.

ಈಗ ಒಂದು ತಪ್ಪೊಪ್ಪಿಗೆ. ಡೇರೆ ಮುಗಿಯುವುದಕ್ಕೆ ಒಂದು ಉದ್ದನೆಯ ಹೊಲಿಗೆಯೂ ಮೂಲೆಗಳ ಕೆಲಸವೂ ಉಳಿದಿದ್ದಾಗ ಅಕ್ಕ ಊರಿಗೆ ಹೋದಳು, ಮೈದುನನ ಮೊಮ್ಮಗನ ಹೆಸರಿಡುವ ಕಾರ್ಯಕ್ಕೆ. ನಾಲ್ಕು ದಿನ ಬರಲಿಲ್ಲ. ವಿಮಾನದ ದಿನ ಹತ್ತಿರ ಬಂತು. ನನ್ನದು ಮೊದಲೇ ಅವಸರದ ಜೀವ. ಕುಕ್ಕರಿನ ಸೀಟಿಯನ್ನೂ ಪೂರ್ತಿ ಕೂಗಲು ಬಿಡುವವನಲ್ಲ. ಒಂದು ಮಧ್ಯಾಹ್ನ ಹಿಂಬದಿಯ ಎಡಗಡೆಯ ಆ ಹೊಲಿಗೆಯನ್ನು ಮಷಿನ್ ಮೇಲೆ ಸರ್ರೆಂದು ಓಡಿಸಿಬಿಟ್ಟೆ. ಮೇಲೆ ಬಟ್ಟೆಯನ್ನು ಮಡಚಿ ಮೇಜಿನ ಹೆಂಗಸರಿಗೆ ಕೊಟ್ಟು ಆ ಮಡಿಕೆಯನ್ನು ಕೈಯಿಂದ ಹೊಲಿಸಿದೆ. ಹೊರಗಿನಿಂದ ದೇವರಿಗೂ ಗೊತ್ತಾಗುವಂತಿರಲಿಲ್ಲ. ಅಕ್ಕ ಬಂದವಳು ನಾಲ್ಕು ಮೂಲೆಗೂ ಗಟ್ಟಿ ತೇಪೆ ಹಾಕಿ ಡೇರೆ ಮುಗಿಸಿದಳು. ಆ ಮೂಲೆಗೆ ತೇಪೆ ಹಾಕುವಾಗ ನಾನು ಕಾರ್ಖಾನೆಯಲ್ಲಿ ನಿಲ್ಲಲಾರದೆ ಹೊರಗೆ ಹೋಗಿ ಎರಡು ಕಪ್ ಚಹಾ ಕುಡಿದೆ.

ಶಿಕಾಗೊ

ಅಷ್ಟು ತಾಸು ಹಾರಿ ಇಳಿದಾಗ ನನ್ನ ಕಾಲು ಬಾತು ಶೂ ಹಿಡಿಯುತ್ತಿರಲಿಲ್ಲ. ಅಕ್ಕ ಇಳಕಲ್ ಸೀರೆಯ ನಿರಿಗೆ ಸರಿಮಾಡಿಕೊಂಡು ಆಗಷ್ಟೇ ಪುಣೆಯ ಸ್ವಾರಗೇಟಿನಲ್ಲಿ ಬಸ್ಸಿಳಿದವಳಂತೆ ನಡೆದಳು. ಸಾಮಾನು ಬರುವ ಪಟ್ಟಿಯ ಹತ್ತಿರ ಒಬ್ಬ ಅಧಿಕಾರಿ ಉದ್ದ ಕಿವಿಯ ಸಣ್ಣ ನಾಯಿಯೊಂದನ್ನು ಹಿಡಿದು ಅಡ್ಡಾಡುತ್ತಿದ್ದ. ಆ ನಾಯಿ ಎಲ್ಲರ ಪೆಟ್ಟಿಗೆ ಮೂಸಿ ಬಂದು ನಮ್ಮ ಡೇರೆಯ ಚೀಲದ ಪಕ್ಕದಲ್ಲಿ ಕೂತಿತು. ಏಳಲೇ ಇಲ್ಲ.

"ಪಾಪ, ದಣದದ" ಎಂದಳು ಅಕ್ಕ.

ದಣಿದಿರಲಿಲ್ಲ. ಅಧಿಕಾರಿ ನಮ್ಮನ್ನು ಒಳಗೆ ಕರೆದೊಯ್ದ. ಆಹಾರ, ಬೀಜ, ಗಿಡ ಏನಾದರೂ ಇದೆಯೇ ಎಂದು ವಿನಯದಿಂದ ಕೇಳಿದ. ನಾನು ಎದೆ ತಟ್ಟಿ ಇಲ್ಲವೆಂದೆ. ಚಟ್ನಿಪುಡಿಯನ್ನು ಕೂಡ ಮನೆಯಲ್ಲೇ ಬಿಡಿಸಿ ಬಂದಿದ್ದೆ. ಅವನು ಡೇರೆಯನ್ನು ಉಕ್ಕಿನ ಮೇಜಿನ ಮೇಲೆ ಹರಡಿ ಕೈಯಾಡಿಸುತ್ತ ಹೋದ. ಹಿಂಬದಿಯ ಎಡಮೂಲೆಯಲ್ಲಿ ಅವನ ಬೆರಳು ನಿಂತಿತು. ನನ್ನ ಎದೆಯೂ ನಿಂತಿತು. ಅಮೆರಿಕದಲ್ಲಿ ಮಷಿನ್ ಹೊಲಿಗೆಗೂ ನಾಯಿ ಸಾಕಿದ್ದಾರಲ್ಲ ಎಂದುಕೊಂಡೆ.

ಅವನು ಸಣ್ಣ ಅಲಗು ತೆಗೆದ. ಅಕ್ಕ ಅವನನ್ನು ನಿಲ್ಲಿಸಲು ಮುಂದೆ ನುಗ್ಗಿ, "ಥಾಂಬಾ, ಥಾಂಬಾ!" ಎಂದು ಕೂಗಿದಳು. ಮೂವತ್ತು ವರ್ಷ ಊರಿಗೂ ಪುಣೆಗೂ ಓಡಾಡಿದ ಅಕ್ಕನ ಲೆಕ್ಕದಲ್ಲಿ ಮನೆಯವರಲ್ಲದ ಮನುಷ್ಯರೆಲ್ಲ ಮರಾಠಿಯವರು. ಅಧಿಕಾರಿಗೆ ಮರಾಠಿ ತಿಳಿಯಲಿಲ್ಲ. ತೇಪೆ ಕೊಯ್ದ. ಒಳಗಿನಿಂದ ಐದು ಕಾಳು ಬಿಳಿಜೋಳ ಉದುರಿ ಮೇಜಿನ ಮೇಲೆ ಕುಣಿದವು.

ನಮ್ಮ ಮನೆಯಲ್ಲಿ ಕೌದಿ ಮುಗಿಸುವಾಗ ಕೊನೆಯ ತೇಪೆಯೊಳಗೆ ನಾಲ್ಕೈದು ಕಾಳು ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಎಂದು ಅದಕ್ಕೆ ಹೆಸರು. ಅವ್ವ ಮಾಡುತ್ತಿದ್ದಳು, ಅಜ್ಜಿ ಮಾಡುತ್ತಿದ್ದಳು. ಅಮೆರಿಕಕ್ಕೆ ಹೋಗುವ ಡೇರೆಗೂ ಮಾಡಬಹುದೆಂದು ನನಗೆ ಹೊಳೆಯದೇ ಹೋದದ್ದು ನನ್ನ ತಪ್ಪು.

"ಅಕ್ಕಾ, ಬೀಜಾ ತರಬಾರದು ಅಂತ ನೂರು ಸಲಾ ಹೇಳಿದ್ದೆ!"

"ಬೀಜಾ ಎಲ್ಲಿ ತಂದೇನಿ? ಊಟಾ ಹಾಕೇನಿ. ಉಪಾಸ ಇದ್ದ ಬಟ್ಟಿ ಒಳಗ ಮಲಕೊಂಡ್ರ ಮನಷ್ಯಾಗ ನಿದ್ದಿ ಹತ್ತತದೇನು?"

ಇದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳುವಾಗ ನನ್ನ ಬೆವರು ಕಾಲರಿಗೆ ಇಳಿಯಿತು. ಅಧಿಕಾರಿ ಪೂರ್ತಿ ಕೇಳಿ, ಕಾಳುಗಳನ್ನು ಒಂದು ಚೀಲಕ್ಕೆ ಹಾಕಿ, ಮುಂದಿನ ಸಲ ಬಟ್ಟೆಯ ಊಟವನ್ನೂ ಮೊದಲೇ ಹೇಳಬೇಕೆಂದು ಎಚ್ಚರಿಸಿ ಬಿಟ್ಟ. ನಕ್ಕನೋ ಇಲ್ಲವೋ ತಿಳಿಯಲಿಲ್ಲ. ಆದರೆ ಕೊಯ್ದ ಮೂಲೆಯಲ್ಲಿ ಮಡಿಕೆ ಬಾಯಿ ಬಿಟ್ಟಿತ್ತು. ಒಳಗೆ ನನ್ನ ಮಷಿನ್ ಹೊಲಿಗೆ ಸಾಲಾಗಿ ಹಲ್ಲು ಕಿರಿಯುತ್ತಿತ್ತು. ಅಕ್ಕ ಹತ್ತಿರ ಬರುವಷ್ಟರಲ್ಲಿ ನಾನು ಡೇರೆಯನ್ನು ಅಚ್ಚುಕಟ್ಟಾಗಿ ಮಡಚಿ ಚೀಲಕ್ಕೆ ತುರುಕಿದೆ. ಜನ್ಮದಲ್ಲಿ ಒಂದು ಲುಂಗಿಯನ್ನೂ ಮಡಚಿದವನಲ್ಲ ನಾನು. ಅಕ್ಕನಿಗೆ ಅನುಮಾನ ಬಂದದ್ದು ಆಗಲೇ ಇರಬೇಕು.

ವಯೋಮಿಂಗ್, ಮೊದಲ ದಿನ

ಇನ್ನೊಂದು ವಿಮಾನ, ಆಮೇಲೆ ವಾಲ್ಟರನ ವ್ಯಾನಿನಲ್ಲಿ ಅರ್ಧ ದಿನ. ರಸ್ತೆಯಲ್ಲಿ ಜನವೇ ಇಲ್ಲ. ಹಿಂಜವಾಡಿಯ ಒಂದು ಸಿಗ್ನಲ್ಲಿನಲ್ಲಿ ನಿಂತಷ್ಟು ಗಾಡಿಗಳನ್ನು ನಾನು ಆ ಅರ್ಧ ದಿನದಲ್ಲಿ ಕಾಣಲಿಲ್ಲ. ವಾಲ್ಟರ್ ಎತ್ತರದ, ನಾಚಿಕೆಯ ಮನುಷ್ಯ. ಒಂದರ ಮೇಲೊಂದು ಎರಡು ಟೋಪಿ ಇಡುತ್ತಾನೆ. ಶಿಬಿರದಲ್ಲಿ ಅವನ ಹೆಸರೇ ಎರಡು ಟೋಪಿಯ ವಾಲ್ಟರ್. ಯಾಕೆ ಎರಡು ಎಂದು ಕೇಳಿದರೆ, ಒಂದು ಹಾರಿಹೋದರೆ ಎಂದ. ಅಕ್ಕನಿಗೆ ಈ ಉತ್ತರ ಭಾಳ ಸೇರಿತು.

ಶಿಬಿರದ ಬಾಗಿಲಲ್ಲಿ ಒಂದು ಮರದ ಫಲಕ: "ಗಡಿಯಾರ ಕಿಸೆಯಲ್ಲಿಡಿ. ನೀವು ಹೋಗಬೇಕಾದ ಜಾಗ ಬೇರೆ ಯಾವುದೂ ಇಲ್ಲ." ನನಗೆ ಊರು ನೆನಪಾಯಿತು. ಪುಣೆಯ ಹಳೆಯ ಪೇಟೆಗಳಲ್ಲಿ ಮನೆಯ ಬಾಗಿಲಿಗೆ ಹೀಗೆಯೇ ಬರೆದಿರುತ್ತಾರೆ, ಗಂಟೆ ಒಂದೇ ಸಲ ಒತ್ತಿ, ನಮಗೆ ಕಿವಿ ಇವೆ ಎಂದು. ಬಂದವರನ್ನು ಬಾಗಿಲಲ್ಲೇ ತಿದ್ದುವ ಜನ ಎಲ್ಲ ಕಡೆಯೂ ಇದ್ದಾರೆಂದು ಸಮಾಧಾನವಾಯಿತು.

ಬಾಗಿಲು ಕಾಯುವವಳು ಮಾರ್ಥಾ. ಅರವತ್ತರ ಆಸುಪಾಸಿನ ಸಣ್ಣ ಹೆಂಗಸು, ಕೊರಳಲ್ಲಿ ಭೂತಗನ್ನಡಿ. ೧೮೪೦ರ ನಂತರ ಹುಟ್ಟಿದ ಯಾವ ವಸ್ತುವೂ ಅವಳ ಕಣ್ಣಿಗೆ ಬೀಳಬಾರದು. ನನ್ನ ಪ್ಯಾಂಟಿನ ಜಿಪ್ಪು ಬಿತ್ತು. ಶೂ ಬಿತ್ತು. ಪ್ಲಾಸ್ಟಿಕ್ ಕಟ್ಟಿನ ಕನ್ನಡಕವೂ ಬಿತ್ತು. ಹತ್ತು ನಿಮಿಷದಲ್ಲಿ ನಾನು ಲಾಡಿ ಕಟ್ಟುವ ಪ್ಯಾಂಟು, ಮೊಣಕಾಲು ಮುಟ್ಟುವ ಅಂಗಿ ತೊಟ್ಟು ನಾಟಕ ಕಂಪನಿಯ ಮೂರನೆಯ ಸೈನಿಕನಂತೆ ನಿಂತಿದ್ದೆ. ಮೂಗಿನ ಮೇಲೆ ವಾಲ್ಟರ್ ಕೊಟ್ಟ ತಂತಿ ಕಟ್ಟಿನ ಕನ್ನಡಕ. ಅದರ ನಂಬರು ಅವನದು, ಮೂಗು ಮಾತ್ರ ನನ್ನದು.

ಅಕ್ಕನನ್ನು ಮಾರ್ಥಾ ಸುತ್ತು ಹಾಕಿ ನೋಡಿದಳು. ಕೈಮಗ್ಗದ ಇಳಕಲ್ ಸೀರೆ, ಮುಂದೆ ಗಂಟು ಕಟ್ಟಿದ ಕುಪ್ಪಸ, ಗಾಜಿನ ಹಸಿರು ಬಳೆ. ಗುಂಡಿಯಿಲ್ಲ, ಜಿಪ್ಪಿಲ್ಲ. ತಲೆದೂಗಿದಳು. ಆಮೇಲೆ ಬಳೆಗೆ ಗೊಂಚಲಾಗಿ ತೂಗುಹಾಕಿದ್ದ ಸೇಫ್ಟಿ ಪಿನ್ನುಗಳು ಕಂಡವು. ಅವು ಅವಳ ಗಡುವಿನ ನಂತರ ಹುಟ್ಟಿದವಂತೆ. ಪಿನ್ನು ಬಿಚ್ಚಿಕೊಡುವಾಗ ಅಕ್ಕ ಗೊಣಗಿದಳು: "ಇವರ ಹಿರ್ಯಾರು ಕಾಡಿನ್ಯಾಗ ಒಂದು ಪಿನ್ನೂ ಇಲ್ಲದ ಹೆಂಗ ಬದುಕಿದ್ರೋ ಏನೋ."

ಒಳಗೆ ಮಜಾ ಬೇರೆಯೇ ಇತ್ತು. ಮಂಜುಗಡ್ಡೆಯ ಡಬ್ಬಿಗಳ ಮೇಲೆ ಚರ್ಮ ಹೊದಿಸಿ ಬಂಡೆ ಎನ್ನುತ್ತಾರೆ. ಫೋನು ನೋಡಬೇಕಾದವರು "ಕುದುರೆ ನೋಡಿಬರುತ್ತೇನೆ" ಎಂದು ಕಾರು ನಿಲ್ಲಿಸಿದ ಕಡೆ ಹೋಗುತ್ತಾರೆ. ಇಡೀ ಶಿಬಿರದಲ್ಲಿ ಕುದುರೆಯೇ ಇರಲಿಲ್ಲ.

ಮಾರ್ಥಾ ಡೇರೆಯನ್ನು ಪರೀಕ್ಷಿಸುವುದು ಮೂರನೆಯ ದಿನ ಬೆಳಿಗ್ಗೆ. ಅಲ್ಲಿಯವರೆಗೆ ಹೊಸ ಡೇರೆ ನೆಡುವಂತಿಲ್ಲ. ನಾವು ಮಲಗುವುದು ಗಡಿಯಾಚೆ ವ್ಯಾನಿನಲ್ಲಿ. ಮಧ್ಯಾಹ್ನ ನಾನು ಮೆಕ್ಕೆಜೋಳದ ಹಿಟ್ಟಿನ ಬ್ರೆಡ್ಡನ್ನು ರೊಟ್ಟಿ ಎಂದು ಒಪ್ಪಿಕೊಳ್ಳಲು ಹೆಣಗುತ್ತಿದ್ದೆ. ಅಷ್ಟರಲ್ಲಿ ಅಕ್ಕ ಕೊಯ್ದ ಮೂಲೆ ಹೊಲಿಯಲೆಂದು ಚೀಲ ಬಿಚ್ಚಿದಳು.

ನಾನು ಓಡಿದೆ. ತಡವಾಗಿತ್ತು. ಅಕ್ಕ ಮಡಿಕೆಯೊಳಗೆ ಹೆಬ್ಬೆರಳು ತೂರಿಸಿ ನಿಧಾನವಾಗಿ ಸವರುತ್ತಿದ್ದಳು. ಕಣ್ಣು ಬಟ್ಟೆಯ ಮೇಲಿರಲಿಲ್ಲ, ನನ್ನ ಮೇಲಿತ್ತು.

"ಇದು ಯಾರ ಕೈ?"

ನಾನು ಚೀಲದ ಬಾಯಿ ಕಟ್ಟಲು ಹೋದೆ.

"ಮಷಿನ್ನಿಗೆ ಕೈ ಇರಂಗಿಲ್ಲ. ನೀ ಓಡಿಸೀಯೇನು?"

"ನೀ ಊರಿಗೆ ಹೋಗಿ ಕೂತಿದ್ದಿ. ದಿನಾ ಇರಲಿಲ್ಲಕ್ಕಾ. ಮ್ಯಾಲೆ ಕಾಣಸೂದಿಲ್ಲ. ಆ ಮಾರ್ಥಾ ಬಿಚ್ಚಿ ನೋಡ್ತಾಳೇನು?"

"ಅಕೀ ನೋಡೂದಿಲ್ಲ. ನಾ ನೋಡೇನಲ್ಲ."

ಇಷ್ಟು ಹೇಳಿ ಅಕ್ಕ ಅತ್ತಳು. ಅವಳು ಅತ್ತದ್ದನ್ನು ನಾನು ಭಾವ ಹೋದಾಗ ನೋಡಿದ್ದೆ, ಆಮೇಲೆ ಈಗಲೇ. "ಶ್ರೀಕಾಂತ ಮೇಜು ತಗೀತೇನಿ ಅಂದಾಗ ನಂಗ ಏನೂ ಅನಸಲಿಲ್ಲ. ಅವಗ ಹೊಲಿಗಿ ತಿಳಿಯಂಗಿಲ್ಲ. ನಿಂಗ ತಿಳೀತದಲ್ಲೋ ತಮ್ಮಾ. ನೀನ ಮಷಿನ್ ಓಡಿಸಿದ ಮ್ಯಾಲೆ ಮೇಜು ಯಾರ ಸಲುವಾಗಿ ಉಳೀಬೇಕು?"

ನನಗೆ ಆದಷ್ಟು ನಾಚಿಕೆ ಯಾವ ಶತ್ರುವಿಗೂ ಬೇಡ. ಮೇಜು ಉಳಿಸಲೆಂದೇ ಮಷಿನ್ ಓಡಿಸಿದೆ ಎಂದು ಬಾಯಿ ತೆರೆದವನು ಆ ಮಾತು ಎಷ್ಟು ಮೂರ್ಖತನದ್ದೆಂದು ತೆರೆದ ಮೇಲೆ ತಿಳಿದು ಮುಚ್ಚಿದೆ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ದಬ್ಬಳವನ್ನು ನನ್ನ ಮುಂದೆ ಇಟ್ಟಳು. ಕ್ಯಾನ್ವಾಸ್ ಹೊಲಿಯುವ ದಪ್ಪ ಸೂಜಿ ಅದು.

"ನೀ ಓಡಿಸೀ, ನೀನ ಬಿಚ್ಚು. ನೀನ ಹೊಲಿ."

ವಯೋಮಿಂಗ್, ಎರಡನೆಯ ದಿನ

ಬಿಚ್ಚುವುದು ಸುಲಭ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಮಷಿನ್‌ನ ಹೊಲಿಗೆ ಗಟ್ಟಿ ಎಂದು ಗಿರಾಕಿಗಳ ಮುಂದೆ ಎಷ್ಟೋ ಸಲ ಜಂಬ ಕೊಚ್ಚಿದ್ದೇನೆ. ಅದು ಸುಳ್ಳಲ್ಲ ಎಂದು ಆ ಬೆಳಿಗ್ಗೆ ನನ್ನ ಉಗುರುಗಳಿಗೆ ತಿಳಿಯಿತು.

ವಾಲ್ಟರನಿಗೆ ನಿಜ ಹೇಳಿದೆ. ಅವನು ಒಂದು ಟೋಪಿ ತೆಗೆದು ತಲೆ ಕೆರೆದುಕೊಂಡ, ಮತ್ತೆ ಇಟ್ಟುಕೊಂಡ. ಕಳೆದ ವರ್ಷ ಎಲ್ಲರೂ ನೋಡುತ್ತಿರುವಾಗಲೇ ಅವನ ಡೇರೆ ಕೀಳಿಸಿದ್ದರು. ಇನ್ನೊಂದು ಸಲ ಹಾಗಾದರೆ ತಾನು ಇಲ್ಲಿಗೆ ಬರುವುದನ್ನೇ ಬಿಡುತ್ತೇನೆ ಎಂದ. ಸಿಟ್ಟಿನಿಂದಲ್ಲ, ಹವಾಮಾನ ಹೇಳಿದಂತೆ ಹೇಳಿದ. ಆಮೇಲೆ ನನ್ನ ಪಕ್ಕದಲ್ಲಿ ಕೂತು ಬಟ್ಟೆಯನ್ನು ಬಿಗಿಯಾಗಿ ಹಿಡಿದ.

ಎದುರಿಗೆ ಅಕ್ಕ ತನ್ನ ಹೊಲಿಗೆ ತೋರಿಸುತ್ತಿದ್ದಳು. ಬಂದವರಿಗೆಲ್ಲ "ಯಾ, ಯಾ, ಬಸಾ" ಎಂದು ಮರಾಠಿಯಲ್ಲಿ ಕರೆದು ಕೂಡಿಸುವ ಉಪಚಾರ. ಅವರು ತಮ್ಮ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುತ್ತಿದ್ದರು, ಇವಳು ಕನ್ನಡದಲ್ಲಿ ಉತ್ತರಿಸುತ್ತಿದ್ದಳು. ಯಾರಿಗೂ ತೊಂದರೆಯಾದಂತೆ ಕಾಣಲಿಲ್ಲ. ಗಡ್ಡದ ಕಮ್ಮಾರನೊಬ್ಬ ಅವಳಿಂದ ಕಾಜಾ ಕಲಿತು ತನ್ನ ಅಂಗಿಯ ಎಲ್ಲ ತೂತುಗಳಿಗೂ ಅದನ್ನೇ ಹಾಕಿಕೊಂಡ, ಇರಬೇಕಾದ ತೂತು ಯಾವುದು, ಹರಿದದ್ದು ಯಾವುದು ಎಂದು ನೋಡದೆ.

ನನ್ನ ಕಡೆಗೆ ಅಕ್ಕ ತಿರುಗಿ ನೋಡಿದ್ದು ಮೂರೇ ಸಲ. "ದಾರಾ ಎಳೀ." "ಇಷ್ಟು ಎಳೀಬ್ಯಾಡ, ಅದೇನು ಎತ್ತಿನ ಹಗ್ಗಲ್ಲ." ಮೂರನೆಯ ಸಲ ಬರೀ ನಿಟ್ಟುಸಿರು. ವಾಲ್ಟರನ ಕನ್ನಡಕದಲ್ಲಿ ಒಂದು ಸೂಜಿ ಎರಡಾಗಿ ಕಾಣುತ್ತಿತ್ತು. ಎರಡೂ ನನ್ನ ಬೆರಳಿಗೇ ಚುಚ್ಚುತ್ತಿದ್ದವು. ಹೊತ್ತು ಮುಳುಗುವ ಮೊದಲು ಕೊನೆಯ ಗಂಟು ಹಾಕಿದೆ. ಸಾಲು ಮೂಲೆಗೆ ಬರುವಷ್ಟರಲ್ಲಿ ಸಿಂಹಗಡದ ಘಾಟಿನ ರಸ್ತೆಯಂತೆ ಮೂರು ತಿರುವು ತಿರುಗಿತ್ತು.

ವಯೋಮಿಂಗ್, ಮೂರನೆಯ ದಿನ

ಬೆಳಿಗ್ಗೆ ಬೇಗ ಡೇರೆ ನೆಟ್ಟೆವು. ವಾಲ್ಟರ್ ಕಡಿದು ತಂದ ಮರದ ಕಂಬ, ಮರದ ಗೂಟ, ನಾರಿನ ಹಗ್ಗ. ಹುಲ್ಲಿನ ನಡುವೆ ಬೆಳ್ಳಗೆ, ಮುಗಿದ ಕೈಗಳಂತೆ ಅದು ಎದ್ದು ನಿಂತಾಗ ನಾನು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದೆ. ಇಷ್ಟು ವರ್ಷ ಶಾಮಿಯಾನ ಕಟ್ಟಿದ್ದೇನೆ, ಒಂದನ್ನೂ ಹೀಗೆ ನಿಂತು ನೋಡಿರಲಿಲ್ಲ.

ಮಾರ್ಥಾ ಬಂದಳು, ಹಿಂದೆ ಹತ್ತಿಪ್ಪತ್ತು ಜನ. ಹಗ್ಗದ ಕಣ್ಣುಗಳ ಕಾಜಾ ಒಂದೊಂದನ್ನೂ ಭೂತಗನ್ನಡಿಯಲ್ಲಿ ನೋಡಿದಳು. ಅಕ್ಕನ ಹೊಲಿಗೆಯ ಮೇಲೆ ಉಗುರು ಓಡಿಸಿ ಏನೋ ಪಿಸುಗುಟ್ಟಿದಳು, ಪ್ರಾರ್ಥನೆಯೋ ಹೊಟ್ಟೆಕಿಚ್ಚೋ. ಆಮೇಲೆ ನೆಟ್ಟಗೆ ನಿಂತು ಕೇಳಿದಳು, ಇದರಲ್ಲಿ ಮಷಿನ್ ಮುಟ್ಟಿದ್ದು ಏನೂ ಇಲ್ಲವಷ್ಟೇ?

ಇಲ್ಲ ಎಂದರೆ ಅದು ಆ ಹೊತ್ತಿಗೆ ನಿಜವೇ ಆಗಿತ್ತು. ಆದರೆ ಅಕ್ಕ ನನ್ನನ್ನು ನೋಡುತ್ತಿದ್ದಳು. ಅವಳಿಗೆ ಪ್ರಶ್ನೆ ಅರ್ಥವಾಗಿರಲಿಲ್ಲ, ನನ್ನ ಮುಖ ಅರ್ಥವಾಗಿತ್ತು. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಮಷಿನ್ ಓಡಿಸಿದ್ದು, ಮುಚ್ಚಿದ್ದು, ನಾಯಿ ಕೂತದ್ದು, ಬಿಚ್ಚಿದ್ದು. ವಾಲ್ಟರನ ಕೈ ಟೋಪಿಗೆ ಹೋಯಿತು.

ಮಾರ್ಥಾ ಹಿಂಬದಿಗೆ ಹೋಗಿ ಮಂಡಿಯೂರಿದಳು. ನನ್ನ ಹೊಲಿಗೆಯನ್ನು ತುದಿಯಿಂದ ತುದಿಯವರೆಗೆ ನೋಡಿದಳು. ಮಡಿಕೆಯೊಳಗೆ ಹಳೆಯ ಸೂಜಿಯ ಸಣ್ಣ ತೂತುಗಳು ಇನ್ನೂ ಇದ್ದವು, ಅವನ್ನೂ ನೋಡಿದಳು. ಬಹಳ ಹೊತ್ತಾಯಿತು. ಕೊನೆಗೆ ಎದ್ದು ಮಂಡಿಯ ಹುಲ್ಲು ಕೊಡವಿ ಹೇಳಿದಳು:

"ಇದು ಕೈಯೇ. ಕೆಟ್ಟ ಕೈ. ಆದರೆ ಕೈ."

ಪುಸ್ತಕದಲ್ಲಿ ಗುರುತು ಹಾಕಿದಳು. ವಾಲ್ಟರ್ ಎರಡೂ ಟೋಪಿಗಳನ್ನು ಮೇಲಕ್ಕೆಸೆದ. ಒಂದು ನಿಜವಾಗಿಯೂ ಹಾರಿಹೋಯಿತು. ಅಲ್ಲೇ ನಿಂತಿದ್ದ ಜನ ನನ್ನನ್ನು ಮುತ್ತಿಕೊಂಡು ತಮಗೂ ಇಂಥ ಡೇರೆ ಬೇಕೆಂದರು. ಆ ಹೆಂಗಸು ಹೊಲಿದದ್ದು ಬೇಕು, ನಿಮ್ಮದು ಬೇಡ ಎಂದು ಗಡ್ಡದ ಕಮ್ಮಾರ ಸ್ಪಷ್ಟವಾಗಿ ಹೇಳಿದ.

ನಾನು ಕುದುರೆ ನೋಡಿಬರುತ್ತೇನೆಂದು ಹೇಳಿ ವ್ಯಾನಿಗೆ ಓಡಿ ಶ್ರೀಕಾಂತನಿಗೆ ಫೋನ್ ಹಚ್ಚಿದೆ. ಪುಣೆಯಲ್ಲಿ ಆಗ ಸಂಜೆ. ಹಿಂದೆ ಮಷಿನ್‌ಗಳ ಸದ್ದು ಕೇಳುತ್ತಿತ್ತು. ಎಲ್ಲ ಕೇಳಿಸಿಕೊಂಡು ಅವನು, "ಹಂಗಾದ್ರ ಇಷ್ಟು ಆರ್ಡರಿಗೆ ಆ ಮೇಜು ಸಣ್ಣದಾಗತದಲ್ಲ ಮಾಮಾ" ಎಂದ. ಸೋತವನ ದನಿಯಿರಲಿಲ್ಲ. ಟೇಪು ಹುಡುಕುತ್ತಿದ್ದಂತಿತ್ತು.

ಈ ಸುದ್ದಿ ಹೇಳಬೇಕೆಂದು ಏದುಸಿರು ಬಿಡುತ್ತ ಡೇರೆಗೆ ಬಂದೆ. ಅಕ್ಕ ಹಿಂಬದಿಯಲ್ಲಿ ನೆಲಕ್ಕೆ ಕೂತು ನನ್ನ ಹೊಲಿಗೆಯನ್ನು ಸರಸರ ಬಿಚ್ಚುತ್ತಿದ್ದಳು. ಅರ್ಧ ಆಗಲೇ ಹೋಗಿತ್ತು.

"ಅಕ್ಕಾ! ಏನ್ ಮಾಡ್ಲಿಕ್ಕತ್ತೀ? ಪಾಸಾಗೇದ ಅದು!"

"ಅಕೀ ಮುಂದ ಪಾಸಾಗೇದ" ಎಂದಳು ಅಕ್ಕ, ತಲೆಯೆತ್ತದೆ. "ನನ್ನ ಮುಂದ ಇನ್ನೂ ಆಗಿಲ್ಲ. ಇದರಾಗ ಆ ಮನಷ್ಯಾ ಮಲಗಾಂವ ಇದ್ದಾನ. ಮಳಿ ಬಂದ್ರ ನಿನ್ನ ಹೊಲಿಗ್ಯಾಗಿಂದ ಸೀದಾ ಅವನ ಮಾರೀ ಮ್ಯಾಲೆ ಸೋರತದ."

"ಶ್ರೀಕಾಂತ ಒಪ್ಪಿದಾ. ಮೇಜು ಉಳೀತು."

ಅಕ್ಕನ ಕೈ ಒಂದು ಕ್ಷಣ ನಿಂತಿತು. ಮೂಗು ಒರೆಸಿಕೊಂಡಳು. ಆಮೇಲೆ ಹೊಸ ದಾರಕ್ಕೆ ಮೇಣ ಹಚ್ಚಿ, ದಬ್ಬಳಕ್ಕೆ ಪೋಣಿಸಿ ನನ್ನ ಕೈಗೆ ಕೊಟ್ಟಳು.

"ಹಂಗಾದ್ರ ಅವಸರ ಏನದ? ಕೂಡು. ಸಾವಕಾಶ ಹೊಲಿ."

ನಾನು ಕೂತೆ. ಮಧ್ಯಾಹ್ನದ ಊಟಕ್ಕೂ ಅವಳು ನನ್ನನ್ನು ಏಳಗೊಡಲಿಲ್ಲ.